ಕಂಬಳಿ ಹೊದಿಸಿದ ಅಜ್ಜ

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಾನು ಊದುಬತ್ತಿ ಹಚ್ಚಿದೆ. ಬಳ್ಳಾರಿಯ ಪಾರ್ವತಿನಗರದಿಂದ ಹದಿನಾಲ್ಕು ಜನ ಕುರುಗೋಡಿನ ಹಾಳು ಕೋಟೆ ನೋಡಲು ಹೋಗಿದ್ದೆವು. ದಾರಿ ತೋರಿಸುತ್ತಿದ್ದ ಕುರಿ ಕಾಯುವ ಅಜ್ಜ ಬಂಡೆಬಂಡೆಗೂ ಕೋಲು ಕುಟ್ಟಿ, "ಸಾವಕಾಶ ಬರ್ರಿ, ಗುಡ್ಡ ಎಲ್ಲಿಗೂ ಓಡಂಗಿಲ್ಲ" ಎನ್ನುತ್ತಿದ್ದ. ಪಾಳು ಗುಡಿಯ ಮುಂದೆ ಮಾತ್ರ ದನಿ ತಗ್ಗಿಸಿದ. "ಮ್ಯಾಲೆ ಹೆಜ್ಜೇನು ಅದಾವು. ಹೊಗಿ ಮಾಡಬ್ಯಾಡ್ರಿ."

ಗರ್ಭಗುಡಿಯಲ್ಲಿ ದೇವರಿರಲಿಲ್ಲ. ಆದರೂ ಹಾಗೇ ಹೋಗಲು ಮನಸ್ಸಾಗದೆ, ಅಜ್ಜ ಅತ್ತ ತಿರುಗಿದಾಗ ಒಂದೇ ಒಂದು ಬತ್ತಿ ಹಚ್ಚಿ ಕಲ್ಲಿನ ಸಂದಿಗೆ ಸಿಕ್ಕಿಸಿದೆ.

ತಲೆಯ ಮೇಲೆ ಗುಂಯ್ ಎಂದಿತು. ಎಲ್ಲರೂ ಕೆಳಗೆ ಓಡಿದರು. ನಾನು ಎಡವಿ ಬಿದ್ದೆ. ಅಜ್ಜ ತನ್ನ ಕಂಬಳಿಯನ್ನು ನನ್ನ ಮೇಲೆ ಹೊದಿಸಿ, ಅಂಚನ್ನು ಕಾಲಿನಿಂದ ಒತ್ತಿ ನಿಂತ. "ಅಲುಗಾಡಬ್ಯಾಡವ್ವ, ಸಾವಕಾಶ ಉಸಿರು ಬಿಡು." ಅವನ ಮೈಮೇಲೆ ಉಳಿದದ್ದು ಬರೀ ಬನಿಯನ್.

ಬಳ್ಳಾರಿಯ ಆಸ್ಪತ್ರೆಯಲ್ಲಿ ಐದು ದಿನ, ಅಜ್ಜ ಬದುಕುತ್ತಾನೆಂದು ಡಾಕ್ಟರೂ ಹೇಳಲಿಲ್ಲ. ನಾನು ಕಣ್ಣು ಮುಚ್ಚಿದರೆ ಅದೇ ಗುಂಯ್.

ಆರನೆಯ ದಿನ ಅವನ ಊದಿದ ರೆಪ್ಪೆ ಬಿರಿಯಿತು. "ಬತ್ತಿ ಹಚ್ಚಿದಾಕಿ ನಾನ ಅಜ್ಜಾ" ಎಂದೆ.

"ಗೊತ್ತೈತವ್ವ. ಕಂಬಳಿ ಹೊಚ್ಚೋವಾಗನ ನಿನ್ನ ಕೈ ವಾಸನಿ ಬಂದಿತ್ತು. ಆ ಕಂಬಳಿ ತಂದೀಯೇನು? ಇಲ್ಲಿ ಚಳಿ ಭಾಳ."

ಅವನಿಗೆ ಕಂಬಳಿ ಹೊದಿಸಿ ಬಂದ ಆ ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.