ಕತ್ತರಿಸದೆ ಉಳಿದ ಬೆಲ್ಟ್

ಸೈಟಿನಲ್ಲಿ ನನ್ನ ಬೆನ್ನ ಹಿಂದೆ ‘ಕತ್ತರಿ ಸಾಹೇಬ್ರು’ ಅನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ; ನನ್ನ ಸಿಟ್ಟು ಅಂಥದ್ದು. ವಿದ್ಯಾನಗರದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಕ್ರೇನಿನ ಕೊಕ್ಕೆಗೆ ಉಕ್ಕಿನ ತೊಲೆಗಳನ್ನು ತೂಗುಹಾಕಲು ಅಗಲವಾದ ಪಟ್ಟಿಗಳಿರುತ್ತವೆ, ನಾವು ಬೆಲ್ಟ್ ಅನ್ನುತ್ತೇವೆ. ಅದರ ಅಂಚು ಒಂದಿಷ್ಟು ಹರಿದದ್ದು ಕಂಡರೂ ಅಲ್ಲೇ ಎರಡು ತುಂಡು ಮಾಡಿ ಬಿಸಾಡುತ್ತಿದ್ದೆ. ಪಕ್ಕಕ್ಕಿಟ್ಟರೆ ಸಾಲದು. ಇಡಿಯಾಗಿ ಉಳಿದ ಬೆಲ್ಟು ಒಂದಲ್ಲ ಒಂದು ದಿನ ಯಾರದೋ ಕೈಗೆ ಸಿಕ್ಕೇ ಸಿಗುತ್ತದೆ. ಇದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದವನು ನಾನೇ.

ತೊಲೆಗೆ ಬೆಲ್ಟ್ ಬಿಗಿದು, ಕೈಸನ್ನೆಯಲ್ಲಿ ಕ್ರೇನ್ ಆಡಿಸುತ್ತಿದ್ದವರು ಬೆಂಗೇರಿಯ ಒಬ್ಬ ಹಿರಿಯರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಎಲ್ಲರಿಗೂ ಕಾಕಾ. ಅವರ ಬಲಗೈ ಮೇಲೆದ್ದರೆ ಕ್ರೇನ್ ಎತ್ತಬೇಕು, ಮುಷ್ಟಿ ಕಟ್ಟಿದರೆ ನಿಲ್ಲಬೇಕು. ಕ್ರೇನ್ ನಡೆಸುವವನು ನನ್ನ ಮಾತನ್ನು ಆಗೀಗ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಆ ಕೈಯನ್ನು ಮಾತ್ರ ಮೀರುತ್ತಿರಲಿಲ್ಲ. ನನಗೆ ಒಳಗೊಳಗೇ ಹೊಟ್ಟೆಕಿಚ್ಚೂ ಇತ್ತು.

ಆ ವರ್ಷದ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಕ್ರೇನನ್ನು ತೊಳೆದು ಚೆಂಡುಹೂವಿನ ಮಾಲೆ ಹಾಕಿದ್ದರು. ಕೊಕ್ಕೆ, ಸರಪಳಿ, ಬೆಲ್ಟುಗಳನ್ನು ಹಲಗೆಯ ಮೇಲೆ ಜೋಡಿಸಿ ವಿಭೂತಿ, ಕುಂಕುಮ ಹಚ್ಚಿದ್ದರು. ಆರತಿ ಮುಗಿಯಿತು. ನನ್ನ ಕೈ ಸುಮ್ಮನಿರಬೇಕಲ್ಲ, ಬೆಲ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಒಂದರ ಅಂಚು ಎರಡು ಬೆರಳಿನಷ್ಟು ಹರಿದಿತ್ತು. ಕಿಸೆಯಿಂದ ಕತ್ತರಿ ತೆಗೆದೆ. ಕಾಕಾ ನನ್ನ ಕೈ ಹಿಡಿದರು.

“ಪೂಜಿ ಆಗೇತ್ರಿ ಸಾಹೇಬ್ರ. ಇವತ್ತ ಇದಕ್ಕ ಕತ್ತರಿ ಹಚ್ಚಬ್ಯಾಡ್ರಿ. ಹಬ್ಬ ಮುಗೀಲಿ, ನಾನ ನೆನಪ ಮಾಡ್ತೇನಿ.”

ನಾನೇನು ದೊಡ್ಡ ಭಕ್ತನಲ್ಲ. ಬೇರೆ ದಿನವಾಗಿದ್ದರೆ ಬೈದು ಕತ್ತರಿಸಿಯೇ ಬಿಡುತ್ತಿದ್ದೆ. ಅಂದು ಎಲ್ಲರೂ ಹೊಸ ಅಂಗಿ ತೊಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ದಿನವಾದರೂ ಕತ್ತರಿ ಸಾಹೇಬನಲ್ಲದೆ ಇರೋಣವೆನಿಸಿತು. ಬೆಲ್ಟನ್ನು ಹಲಗೆಯ ಮೇಲೇ ಇಟ್ಟೆ. “ನಮ್ಮ ಸಾಹೇಬ್ರು ಛಲೋ ಮನಷ್ಯಾರ್ರಿ” ಎಂದು ಕಾಕಾ ಎಲ್ಲರಿಗೂ ಕೇಳುವಂತೆ ಅಂದಾಗ ನಾನು ಉಬ್ಬಿಹೋದೆ. ಬಳಸಬಾರದೆಂಬ ಕೆಂಪು ಚೀಟಿಯನ್ನಾದರೂ ಕಟ್ಟಬಹುದಿತ್ತು. ಪೂಜೆಯ ಸಾಮಾನಿಗೆ ಅದೂ ಬೇಡವೆಂದು ಬಿಟ್ಟೆ.

ಹಬ್ಬ ಮುಗಿದು ಕೆಲಸ ಶುರುವಾದಾಗ ಕಾಕಾಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಎಲ್ಲ ಬೆಲ್ಟುಗಳ ಮೇಲೂ ಒಂದೇ ಕುಂಕುಮ. ದಿನಾ ಬೆಳಿಗ್ಗೆ ಅವನ್ನು ನೆಲಕ್ಕೆ ಹಾಸಿ ಉದ್ದಕ್ಕೂ ನೋಡುವುದು ನನ್ನ ರೂಢಿ. ಆ ಬೆಳಿಗ್ಗೆ ಅದನ್ನೂ ಬಿಟ್ಟೆ, ಪೂಜೆಯ ದಿನ ನೋಡಿದ್ದೇನಲ್ಲ ಅಂದುಕೊಂಡು. ನೋಡಿದ್ದು ನೆನಪಿತ್ತು, ಏನು ಕಂಡಿದ್ದೆ ಎಂಬುದು ಮರೆತುಹೋಗಿತ್ತು.

ಅಂದಿನ ಮೂರನೆಯ ತೊಲೆ ಕಂಬದ ಮೇಲೆ ಕೂರಲು ಇನ್ನು ಗೇಣು ಉಳಿದಿತ್ತು. ಕಾಕಾ ಬಲಗೈಯಿಂದ ಅದರ ತುದಿಯನ್ನು ಸರಿಪಡಿಸುತ್ತಿದ್ದರು. ಅದೇ ಬೆಲ್ಟ್ ಹರಿದಾಗ ದೊಡ್ಡ ಸದ್ದೇನೂ ಆಗಲಿಲ್ಲ, ಹಳೆಯ ಧೋತರ ಹರಿದಷ್ಟೇ. ತೊಲೆಗೂ ಕಂಬಕ್ಕೂ ನಡುವೆ ಸಿಕ್ಕ ಆ ಕೈಯ ಮೂರು ಬೆರಳು ಹೋದವು.

ವಿಚಾರಣೆಗೆ ಬಂದವರು ಆಸ್ಪತ್ರೆಯಲ್ಲೇ ಕಾಕಾನನ್ನು ಮಾತಾಡಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. “ಸಾಹೇಬ್ರು ಕತ್ತರಸಾಕ ಹೊಂಟಿದ್ರು, ನಾನ ಬ್ಯಾಡ ಅಂದೆ” ಎಂದುಬಿಟ್ಟರು ಕಾಕಾ. ವಿಚಾರಣೆಯವರು ಹಾಗೆಯೇ ಬರೆದುಕೊಂಡರು. ಬ್ಯಾಡ ಅನ್ನುವುದು ಕಾಕಾನ ಕೆಲಸವಲ್ಲ, ಕತ್ತರಿಸುವುದು ನನ್ನ ಕೆಲಸ ಎಂದು ಆಗ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ನನ್ನ ನೌಕರಿ ಉಳಿಯಿತು, ಅವರದು ಹೋಯಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮರುವರ್ಷ ದಸರೆಯ ಸಂಜೆ ಬನ್ನಿ ಕೊಡಲೆಂದು ಬೆಂಗೇರಿಗೆ ಹೋದೆ. ಕಾಕಾ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಬನ್ನಿ ಕೊಟ್ಟು ಕಾಲಿಗೆ ನಮಸ್ಕರಿಸಿದೆ. ಅವರೂ ಉಳಿದ ಎರಡು ಬೆರಳಿನಲ್ಲಿ ನಾಲ್ಕು ಎಲೆ ಹಿಡಿದು ನನ್ನ ಅಂಗೈಗೆ ಹಾಕಿ, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಅಂದರು. ಎಡಗೈ ಚಾಚಲಿಲ್ಲ, ಬನ್ನಿಯನ್ನು ಎಡಗೈಯಲ್ಲಿ ಕೊಡಬಾರದಲ್ಲ. ನನಗೆ ತಡೆಯಲಾಗಲಿಲ್ಲ.

“ತಪ್ಪು ನಂದ ಐತ್ರಿ ಕಾಕಾ.”

ಅವರು ಕಟ್ಟೆಯ ಮೇಲೆ ಸರಿದು ನನಗೆ ಕೂರಲು ಜಾಗ ಮಾಡಿದರು.

“ನಾ ಬ್ಯಾಡ ಅಂದದ್ದು ಖರೇರಿ. ಯಾರ ಅಂದ್ರೂ ನೀವು ಕೇಳ್ತಿದ್ದಿಲ್ಲ. ಅವತ್ತ ನನ್ನ ಮಾತ ಯಾಕ ಕೇಳಿದ್ರಿ?”

ಸಿಟ್ಟಿನಿಂದ ಆಡಿದ ಮಾತಲ್ಲ. ಒಂದು ವರ್ಷ ಯೋಚಿಸಿಯೂ ಅವರಿಗೆ ಅದು ತಿಳಿದಿರಲಿಲ್ಲ. ನಿಮ್ಮ ಬಾಯಲ್ಲಿ ಒಳ್ಳೆಯವನೆನಿಸಿಕೊಳ್ಳಲು ನಿಮ್ಮ ಮಾತು ಕೇಳಿದೆ ಕಾಕಾ, ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.