ಭಜನೆಗೆ ಹೋಗಿ ಬಂದ ಬ್ಯಾಟರಿ

ಹುರಿದ ಶೇಂಗಾ ತಿಕ್ಕಿ, ಮೊರದಲ್ಲಿ ಸಿಪ್ಪೆ ಕೇರುತ್ತಾ ಕೂತಿದ್ದೆ. ಶ್ರಾವಣದ ಮಂಗಳವಾರ, ಬೆಳಗಿನ ಹನ್ನೊಂದರ ಹೊತ್ತು. ಫೋನ್ ಬಂತು. ಗುರುತಿಲ್ಲದ ನಂಬರು, ಹೆಣ್ಣು ದನಿ.

“ಅಕ್ಕಾರೆ, ಸೂಳೆಕೆರೆಯಿಂದ ಮಾತಾಡ್ತಿದೀನಿ. ನಿಮ್ ಯಜಮಾನ್ರ ದೋಣಿ ಮೋಟ್ರು ನಡುನೀರಾಗೆ ನಿಂತೈತೆ. ಗಾಳಿ ಬ್ಯಾರೆ ಜೋರೈತೆ. ನಮ್ಮನೆಯೋರು ತೆಪ್ಪ ತಗಂಡು ಹೋಗ್ಯಾರೆ, ಹೆದರಬ್ಯಾಡ್ರಿ.”

ಮೊರ ಕೈಯಿಂದ ಜಾರಿತು. ಆ ಮೋಟರು ಯಾಕೆ ನಿಂತಿತು ಎಂಬುದು ಚನ್ನಗಿರಿಯ ಅಡುಗೆಮನೆಯಲ್ಲಿ ಕೂತ ನನಗೆ ಗೊತ್ತಿತ್ತು. ನೀರಿನ ನಡುವೆ ಇದ್ದ ಅವರಿಗೆ ಗೊತ್ತಿರಲಿಲ್ಲ. ಆವತ್ತಿನ ನಾಚಿಕೆ ಇನ್ನೂ ಆರಿಲ್ಲ. ಬರೆದರೆ ಸ್ವಲ್ಪ ಆರೀತೇನೋ ಎಂದು ಬರೆಯುತ್ತಿದ್ದೇನೆ.

ನಮ್ಮವರದು ಮೋಟರ್ ರಿವೈಂಡಿಂಗ್ ಅಂಗಡಿ. ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಸುಟ್ಟ ಪಂಪುಸೆಟ್ಟುಗಳು ಅವರ ಕೈಗೆ ಬರುತ್ತವೆ. ನಾವು ಲಿಂಗ ಕಟ್ಟಿದ ಮನೆಯವರು, ಮೀನು ಮುಟ್ಟುವವರಲ್ಲ. ಹೀಗಿರುವಾಗ ಯಾರೋ ಗಿರಾಕಿ ದೋಣಿಗೆ ಕಟ್ಟುವ ಪುಟ್ಟ ಕರೆಂಟ್ ಮೋಟರೊಂದನ್ನು ರಿಪೇರಿಗೆ ತಂದ. ಅದು ಸದ್ದಿಲ್ಲದೆ ತಿರುಗುವುದನ್ನು ನೋಡಿ ಇವರಿಗೆ ಮರುಳು ಹಿಡಿಯಿತು. ಆಮೇಲೆ ಮೊಬೈಲಿನಲ್ಲಿ ಯಾವುಯಾವುದೋ ದೇಶದ ಗಂಡಸರು ಕೆರೆಯ ಮೇಲೆ ಸುಮ್ಮನೆ ತೇಲುವುದನ್ನು ತಾಸುಗಟ್ಟಲೆ ನೋಡಿದರು. ಕಡೆಗೆ ಅಂಥದ್ದೇ ಒಂದು ಮೋಟರು, ಒಂದು ಪುಟ್ಟ ದೋಣಿ ಕೊಂಡು ಸೂಳೆಕೆರೆಗೆ ಇಳಿಸಿದರು. ದೋಣಿಯನ್ನು ಮೆಲ್ಲಗೆ ನಡೆಸುತ್ತಾ ಹಿಂದೆ ಗಾಳ ಎಳೆದುಕೊಂಡು ಹೋಗುವುದು, ಅದಕ್ಕೆ ಟ್ರೋಲಿಂಗ್ ಎಂದು ಹೆಸರು. ಎಷ್ಟು ಮೆಲ್ಲಗೆ ಎಂದು ಕೇಳಿದರೆ, “ಊಟ ಆದಮ್ಯಾಲೆ ನಮ್ಮವ್ವ ಓಣಿಯಾಗೆ ಅಡ್ಡಾಡ್ತಿದ್ಲಲ್ಲ, ಅಷ್ಟು” ಎಂದರು. ನಮ್ಮತ್ತೆ ಲಿಂಗೈಕ್ಯರಾಗಿ ಏಳು ವರ್ಷವಾಯಿತು. ಅವರ ನಡಿಗೆ ಮೀನು ಹಿಡಿಯುವುದಕ್ಕೆ ಅಳತೆಯಾದೀತೆಂದು ಆ ಪುಣ್ಯಾತ್ಗಿತ್ತಿ ಕನಸಲ್ಲೂ ಎಣಿಸಿರಲಿಕ್ಕಿಲ್ಲ.

“ಹಿಡಿದು ತಿನ್ನಾಕಲ್ಲ, ಹಿಡಿದು ಬಿಡಾಕೆ” ಎಂಬುದು ಅವರ ಸಮಜಾಯಿಷಿ. ಬಿಡುವುದಾದರೆ ಹಿಡಿಯುವುದೇಕೆ ಎಂದು ಕೇಳಿದರೆ ಗಾಳದ ದಾರ ಸುತ್ತತೊಡಗುತ್ತಿದ್ದರು. ನಾನು ದಿನಾ ಪೂಜೆಯಲ್ಲಿ, ಶಿವನೇ, ಇವತ್ತು ಒಂದೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹೆಚ್ಚಿನ ದಿನ ಬೇಡಿಕೆ ಈಡೇರುತ್ತಿತ್ತು. ಇವರು ಬಾಡಿದ ಮುಖ ಹೊತ್ತು ಬರುತ್ತಿದ್ದರು, ನಾನು ಒಳಗೊಳಗೇ ದೇವರಿಗೆ ಕೈ ಮುಗಿಯುತ್ತಿದ್ದೆ. ಸಂಸಾರವೆಂದರೆ ಇಂಥದ್ದೇ ಅಲ್ಲವೆ?

ಸಾಮಾನು ಆರಿಸುವುದರಲ್ಲಿ ಅವರು ನನ್ನನ್ನೂ ಮೀರಿಸಿದರು. ಒಂದು ಸೀರೆಗೆ ನಾನು ನಾಲ್ಕು ಅಂಗಡಿ ಹತ್ತಿಳಿಯುವವಳು. ಅವರು ಒಂದು ಕೋಲಿಗೆ ನಾಲ್ಕು ತಿಂಗಳು ತೆಗೆದುಕೊಂಡರು. ಕೋಲು ತೀರಾ ಬಿರುಸಾದರೆ ಮೀನಿನ ಬಾಯಿ ಹರಿಯುತ್ತದೆ, ತೀರಾ ಬಳುಕಿದರೆ ಗಾಳ ಕಚ್ಚುವುದಿಲ್ಲ. ಎಷ್ಟು ದಾರ ಬಿಟ್ಟೆವೆಂದು ಲೆಕ್ಕ ತೋರಿಸುವ ರಾಟೆ, ದೋಣಿಯ ಅಂಚಿಗೆ ಕೋಲು ಸಿಕ್ಕಿಸುವ ಹಿಡಿಕೆ, ಬಣ್ಣ ಬಳಿದ ಸುಳ್ಳು ಮೀನುಗಳು. ಎಲ್ಲಕ್ಕಿಂತ ಮೇಲೆ, ನೀರಿನೊಳಗೆ ಮೀನು ಎಲ್ಲಿದೆಯೆಂದು ತೋರಿಸುವ ಒಂದು ಪರದೆ. ಬೆಕ್ಕಿಗೆ ಯಾವ ಪರದೆ ಬೇಕು? ಮನುಷ್ಯನಿಗೆ ಮಾತ್ರ ಕಣ್ಣೆದುರಿನದ್ದು ಕಾಣಲೂ ಒಂದು ಯಂತ್ರ ಬೇಕು.

ಆ ಪರದೆಯ ಬಾಲಕ್ಕೆ ಸೌಟಿನ ತಲೆಯಂಥದ್ದೊಂದು ಇತ್ತು. ಅದನ್ನು ನೀರಿಗೆ ಇಳಿಬಿಡಬೇಕು. ಕೆರೆಗೆ ಒಯ್ಯುವ ಮೊದಲು ಪರೀಕ್ಷೆ ಮಾಡೋಣವೆಂದು ಇವರು ನಮ್ಮ ಕುಡಿಯುವ ನೀರಿನ ಸಂಪಿಗೇ ಇಳಿಬಿಟ್ಟರು. ಪರದೆಯಲ್ಲಿ ಎರಡು ಮೀನು ಕಂಡವು. ನಾನು ಜಗಳೂರಿನವಳು, ನೀರೆಂದರೆ ಕೊಡದಲ್ಲಿ ಇರುವುದು, ಅದನ್ನು ಮಡಿಯಿಂದ ಕಾಯಬೇಕು ಎಂದು ಕಲಿತು ಬೆಳೆದವಳು. ಆವತ್ತು ಸಂಪು ಬರಿದು ಮಾಡಿಸಿದೆ. ತಳದಲ್ಲಿ ಸಿಕ್ಕಿದ್ದು ಹಳೆಯ ಚೊಂಬು ಮತ್ತು ಅದರ ಮುಚ್ಚಳ.

ಬ್ಯಾಟರಿ ಎರಡು. ಮೋಟರಿಗೆ ದೊಡ್ಡದು, ಪರದೆಗೆ ಸಣ್ಣದು. ಒಂದಕ್ಕೇ ಎರಡನ್ನೂ ಕೊಟ್ಟರೆ ಪರದೆ ತುಂಬ ಗೆರೆ ಬರುತ್ತದಂತೆ. ಚಾರ್ಜ್ ಮುಗಿದ ಬ್ಯಾಟರಿಯ ಮೇಲೆ ಸೀಮೆಸುಣ್ಣದಲ್ಲಿ ‘ಫುಲ್’ ಎಂದು ಬರೆದಿಡುವುದು ಅವರ ಅಂಗಡಿಯ ಪದ್ಧತಿ. ಬರೆದ ಮೇಲೆ ಅದನ್ನು ಮತ್ತೆ ಮೀಟರ್ ಹಿಡಿದು ನೋಡುವುದಿಲ್ಲ. ತಮ್ಮ ಅಕ್ಷರದ ಮೇಲೆ ಅಷ್ಟು ನಂಬಿಕೆ.

ಹಿಂದಿನ ದಿನ, ಶ್ರಾವಣ ಸೋಮವಾರ, ನಮ್ಮ ಮನೆಯಲ್ಲಿ ಓಣಿಯ ಹೆಂಗಸರ ಭಜನೆ. ಇವರು ನಲ್ಲೂರಿಗೆ ಪಂಪು ಇಳಿಸಲು ಹೋಗಿದ್ದರು. ಸಂಜೆ ಐದಕ್ಕೆ ಕರೆಂಟು ಹೋಯಿತು. ಮೈಕಿಲ್ಲದೆಯೂ ಭಜನೆ ಆಗುತ್ತಿತ್ತು. ನಮ್ಮಜ್ಜಿಯ ಕಾಲದಲ್ಲಿ ಯಾವ ಮೈಕಿತ್ತು? ಆದರೆ ಆ ಸಲ ಮೊದಲ ವಚನ ಎತ್ತಿಕೊಡುವ ಸರದಿ ನನ್ನದಾಗಿತ್ತು. ದೇವರಿಗೆ ಕೇಳಿಸುವುದಕ್ಕೆ ಮೈಕು ಬೇಡ; ಓಣಿಯ ಆ ತುದಿಯ ಮನೆಯವರಿಗೆ ಕೇಳಿಸುವುದಕ್ಕೆ ಬೇಕಿತ್ತು. ರಿವೈಂಡಿಂಗ್‌ನವರ ಹೆಂಡತಿ ನಾನು, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ಸಿಕ್ಕಿಸಲು ಬರುತ್ತದೆ. ದೋಣಿ ಮೋಟರಿನ ದೊಡ್ಡ ಬ್ಯಾಟರಿ ತಂದು, ಮೈಕಿನ ಜೊತೆಗೆ ಎರಡು ಬಲ್ಬನ್ನೂ ಹಚ್ಚಿದೆ. ಮೂರು ತಾಸು ಹಾಡಿದೆವು. ಮಂಗಳಾರತಿ ಹೊತ್ತಿಗೆ ಬಲ್ಬು ಕೆಂಡದಷ್ಟು ಮಂಕಾಗಿತ್ತು.

ಬ್ಯಾಟರಿಯನ್ನು ಎತ್ತಿ ಜಾಗಕ್ಕೆ ಇಟ್ಟೆ. ಮೇಲಿನ ‘ಫುಲ್’ ಅಳಿಸದಂತೆ ಅಡಿಯಲ್ಲಿ ಕೈಹಾಕಿ ಎತ್ತಿದೆ. ಅದೇ ನನ್ನನ್ನು ಈಗಲೂ ಚುಚ್ಚುವುದು. ಮರೆತೆ ಎನ್ನುವಂತಿಲ್ಲ, ಮರೆತವಳು ಅಷ್ಟು ಜೋಪಾನ ಮಾಡುವುದಿಲ್ಲ. ಹೇಳಿದರೆ, ಮೀನು ಹಿಡಿಯುವ ಬ್ಯಾಟರಿಯಲ್ಲಿ ಭಜನೆ ಮಾಡಿದ್ದು ಹೊರಗೆ ಬೀಳುತ್ತದೆ. ಹೆಂಗಸರಿಗೆ ಅದು ಔಷಧಿ ಹೊಡೆಯುವ ಪಂಪಿನದು ಎಂದಿದ್ದೆ. ಒಂದು ದಿನ ದೋಣಿ ನಿಂತರೆ ಮೀನಿಗೆ ಪುಣ್ಯ ಬಂತು ಎಂದೂ ಮನಸ್ಸಿನ ಮೂಲೆಯಲ್ಲಿ ಅಂದುಕೊಂಡಿದ್ದೆ. ಶ್ರಾವಣದ ಗಾಳಿಯ ನೆನಪೇ ಬರಲಿಲ್ಲ.

ಫೋನ್ ಇಟ್ಟವಳೇ ಸೂಳೆಕೆರೆಯ ಬಸ್ಸು ಹತ್ತಿ, ಅಷ್ಟು ದೂರವೂ ಪಂಚಾಕ್ಷರಿ ಜಪಿಸಿದೆ. ಎಣಿಕೆ ತಪ್ಪುತ್ತಿತ್ತು.

ಕೆರೆಯ ದಂಡೆಯಲ್ಲಿ ಇಳಿದು ಕೇಳಿಕೊಂಡು ಹೋದರೆ, ಇವರು ಒಂದು ಮನೆಯ ಜಗಲಿಯಲ್ಲಿ ಯಾರದೋ ಲುಂಗಿ ಉಟ್ಟು ಕೂತಿದ್ದಾರೆ. ಜೀವಂತ, ಒಣಗಿದ ತಲೆ. ಎದುರಿಗೆ ಅವಲಕ್ಕಿಯ ತಟ್ಟೆ. ತೆಪ್ಪ ತೆಗೆದುಕೊಂಡು ಹೋಗಿದ್ದ ಹನುಮಂತಪ್ಪ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ. ಒಳಗಿಂದ ಬಂದವಳನ್ನು ನೋಡಿ ನನ್ನ ಕಾಲು ಅಲ್ಲೇ ನಿಂತಿತು. ದುರುಗಮ್ಮ. ಭಾನುವಾರ ನಮ್ಮ ಓಣಿಗೆ ಮೀನಿನ ಬೋಗುಣಿ ಹೊತ್ತು ಬರುವವಳು. ಅವಳ ಕೂಗು ಕೇಳಿದರೆ ನಾನು ಬಾಗಿಲು ಹಾಕುತ್ತೇನೆ. ಒಮ್ಮೆ ದಣಿದು ನಮ್ಮ ಕಟ್ಟೆಯ ಮೇಲೆ ಬೋಗುಣಿ ಇಳಿಸಿದಾಗ, ಆ ಕಡೆ ಇಡವ್ವ ಎಂದು, ಅವಳು ಹೋದ ಮೇಲೆ ಎರಡು ಕೊಡ ನೀರು ಸುರಿದು ತೊಳೆದಿದ್ದೆ. ತೊಳೆಯುವ ಸದ್ದು ಅವಳಿಗೆ ಕೇಳಿಸಿರಲಾರದು ಎಂದು ಇಷ್ಟು ದಿನ ನಂಬಿದ್ದೆ.

“ಬರ್ರಿ ಅಕ್ಕಾರೆ, ಫೋನ್ ಮಾಡಿದ್ದು ನಾನೇ. ನಿಮ್ ನಂಬ್ರು ಯಜಮಾನ್ರು ಮೊದ್ಲೇ ಕೊಟ್ಟಿದ್ರು. ಮೊದ್ಲು ಕುತ್ಕಳ್ರಿ” ಎಂದಳು. ನನ್ನ ಕೈಗೂ ಒಂದು ತಟ್ಟೆ ಕೊಟ್ಟಳು. “ನಮ್ ಬಾಣಲೆಯಾಗೆ ಮಾಡಿಲ್ರಿ. ಅಂಗನವಾಡಿದು ಇಸ್ಕಂಡು ಬಂದು ಒಗ್ಗರಣೆ ಹಾಕಿದೆ. ತಟ್ಟೆನೂ ಅಲ್ಲೀವೇ. ಅನುಮಾನ ಬ್ಯಾಡ.”

ನನ್ನ ಮಡಿಯನ್ನು ನನಗಿಂತ ಅಚ್ಚುಕಟ್ಟಾಗಿ ಕಾದವಳು ಅವಳು. ಬಾಣಲೆಗಾಗಿ ಅಂಗನವಾಡಿವರೆಗೆ ನಡೆದು ಹೋಗಿದ್ದಳು.

ಹನುಮಂತಪ್ಪ ಇವರನ್ನು ಕಾಲೆಳೆಯುತ್ತಿದ್ದ. “ತಾಲ್ಲೂಕಿನ ಮೋಟ್ರೆಲ್ಲ ಇವ್ರ ಕೈಯಾಗೆ ಓಡ್ತಾವೆ. ಇವ್ರ ಸ್ವಂತ ಮೋಟ್ರು ನಮ್ ತೆಪ್ಪದ ಬಾಲ ಹಿಡ್ಕಂಡು ಬಂತು ನೋಡ್ರಿ. ಆ ಟಿ.ವಿ. ಮಾತ್ರ ಉರೀತಾನೇ ಇತ್ತು. ಕಾಲ ಕೆಳಗೆ ಇಷ್ಟು ಮೀನು ಅದಾವೆ ಅಂತ ತೋರಿಸ್ತಿತ್ತು.”

ಇವರು ನಗಲಿಲ್ಲ. “ಬ್ಯಾಟರಿ ಫುಲ್ ಇತ್ತು ಹನುಮಂತಪ್ಪ. ನನ್ ವೈರಿಂಗೇ ಎಲ್ಲೋ ತಪ್ಪೈತೆ. ಎರಡು ತಾಸು ಹುಡುಕಿದೆ, ಸಿಗಲಿಲ್ಲ. ಕಣ್ಣು ಮಂಜಾಗ್ಯಾವೆ, ಕೈಯೂ ಮೊದ್ಲಿನಂಗಿಲ್ಲ. ಜನ ನಂಬಿ ಮೋಟ್ರು ತಂದು ಕೊಡ್ತಾರೆ. ಅಂಗಡಿ ಬಾಗ್ಲು ಹಾಕೋದೇ ಒಳ್ಳೇದು ಅನ್ಸುತ್ತೆ.”

ತಮಾಷೆಗೆ ಹೇಳಿದ್ದಲ್ಲ. ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದ ಬೆರಳುಗಳನ್ನು ಅವರು ಪರರದ್ದೆಂಬಂತೆ ನೋಡಿಕೊಳ್ಳುತ್ತಿದ್ದರು. ಮನೆಗೆ ಹೋಗಿ ಹೇಳೋಣ ಎಂದು ಮನಸ್ಸು ಒಮ್ಮೆ ಉಪಾಯ ಹೂಡಿತು. ಆದರೆ ಅಷ್ಟರಲ್ಲಿ ಆ ಮಾತು ಅವರೊಳಗೆ ಗಟ್ಟಿಯಾಗಿಬಿಟ್ಟರೆ?

“ವೈರಿಂಗ್ ಅಲ್ಲ ರೀ,” ಎಂದೆ. “ನಿನ್ನೆ ಭಜನೆ ಮೈಕಿಗೆ ಆ ಬ್ಯಾಟರಿ ಹಾಕಿದ್ದೆ. ಮೂರು ತಾಸು.”

ದುರುಗಮ್ಮ ಒಳಗೆ ಹೋಗುತ್ತಿದ್ದವಳು ನಿಂತಳು.

“ಮ್ಯಾಲೆ ಫುಲ್ ಅಂತ ಇತ್ತಲ್ಲ?”

“ಅಳಿಸದಂಗೆ ನಾನೇ ನೋಡ್ಕಂಡೆ.”

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅವರು ತಮ್ಮ ಬೆರಳುಗಳನ್ನು ಒಮ್ಮೆ ಮಡಿಸಿ ಬಿಡಿಸಿ ನೋಡಿಕೊಂಡರು. ಆಮೇಲೆ, “ಹಂಗಾದ್ರೆ ನನ್ ವೈರಿಂಗ್ ಸರಿ ಐತೆ” ಎಂದರು.

“ಸರಿ ಐತ್ರಿ.”

ಅವಲಕ್ಕಿಯ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಎರಡು ತುತ್ತಾದ ಮೇಲೆ ನನ್ನ ಕಡೆ ನೋಡಿ, “ದನಿ ಓಣಿ ತುದಿಗಂಟ ಕೇಳಿಸ್ತೇನು?” ಎಂದು ಕೇಳಿದರು. ಹನುಮಂತಪ್ಪನಿಗೆ ನಗು ತಡೆಯದೆ ಬೀಡಿಹೊಗೆ ನೆತ್ತಿಗೇರಿತು. ದುರುಗಮ್ಮ ಸೆರಗು ಬಾಯಿಗೆ ಹಿಡಿದಳು. ನನಗೆ ಮಾತ್ರ ಭೂಮಿ ಬಾಯ್ಬಿಡಬಾರದೆ ಎನಿಸಿತು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಸಣ್ಣಪುಟ್ಟ ಕೃಪೆಗಳನ್ನು ದಿನಾ ಮಲಗುವ ಮುನ್ನ ಎಣಿಸುವುದು ನನ್ನ ಅಭ್ಯಾಸ. ಆವತ್ತು ವಾಪಸು ಬರುವ ಬಸ್ಸಿನಲ್ಲೇ ಶುರುಮಾಡಿದೆ. ಗಾಳಿ ಇವರನ್ನು ದಂಡೆಯ ಕಡೆಗೇ ತಳ್ಳಿತು. ತೆಪ್ಪ ಹತ್ತಿರವಿತ್ತು. ಅಂಗನವಾಡಿ ಬಾಗಿಲು ತೆರೆದಿತ್ತು. ಮೀನುಗಳಿಗೂ ಒಂದು ದಿನ ರಜೆ ಸಿಕ್ಕಿತು. ನಾನು ಕಡೆಗೂ ಬಾಯಿಬಿಟ್ಟೆ ಎಂಬುದನ್ನು ಎಣಿಕೆಗೆ ಸೇರಿಸಲು ಹೋಗಿ ಸುಮ್ಮನಾದೆ. ಅದು ನನ್ನ ಮೇಲಾದ ಕೃಪೆ ಹೌದು. ನನ್ನ ಒಳ್ಳೆಯತನವಂತೂ ಅಲ್ಲ.

ಮನೆಗೆ ಬಂದವಳೇ, ದೋಣಿಯನ್ನು ದಂಡೆಗೆ ಎಳೆಯುವಾಗ ನೆನೆದಿದ್ದ ಅವರ ಪ್ಯಾಂಟು ಅಂಗಿಯನ್ನು ಹಿತ್ತಲ ಕಲ್ಲಿನ ಮೇಲೆ ಹಾಕಿ, ಅಂಟಿದ್ದ ಪಾಚಿಯನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ, ಸೋಪು ಹಚ್ಚಿ ಉಜ್ಜತೊಡಗಿದೆ.