ಸ್ಟಿಕ್ಸ್ ನದಿಯ ಆಣೆಗೂ

ಆಣೆ ಇಡುವ ವಿಷಯದಲ್ಲಿ ನಾನು ಬಹಳ ಧಾರಾಳಿ. ಹೆಮ್ಮೆಯಿಂದ ಹೇಳುತ್ತಿಲ್ಲ, ನನ್ನನ್ನು ಬಲ್ಲವರಿಗೆಲ್ಲ ಗೊತ್ತಿರುವುದನ್ನು ನಿಮ್ಮಿಂದ ಮಾತ್ರ ಏಕೆ ಮುಚ್ಚಿಡಲಿ ಎಂದು ಹೇಳುತ್ತಿದ್ದೇನೆ. ನಶ್ಯ ಬಿಡುತ್ತೇನೆಂದು ನಮ್ಮ ನಂಜನಗೂಡಿನ ದೇವರು ನಂಜುಂಡಪ್ಪನ ಮೇಲೆ ಆಣೆ ಇಟ್ಟು ಇಲ್ಲಿಯವರೆಗೆ ಏಳು ಸಲ ಬಿಟ್ಟಿದ್ದೇನೆ. ಸಕ್ಕರೆ ಕಾಯಿಲೆ ಬಂದ ಮೇಲೆ, ರಸಬಾಳೆ ಮುಟ್ಟುವುದಿಲ್ಲವೆಂದು ಕಪಿಲೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಆಣೆ ಇಟ್ಟೆ. ಮೆಟ್ಟಿಲು ಹತ್ತಿ ಬಂದು ಮೈ ಒರೆಸಿಕೊಳ್ಳುತ್ತಿರುವಾಗ ಬಾಳೆಹಣ್ಣಿನ ಗಾಡಿಯವನು, "ಏನ್ ಬುದ್ದಿ, ಈ ಕಡೆ ಬರ್ಲೇ ಇಲ್ಲ?" ಎಂದು ಕರೆದ. ಕರೆದವನ ಮನಸ್ಸು ನೋಯಿಸುವುದು ನನ್ನ ಜಾಯಮಾನವಲ್ಲ.

ಇದಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ನಾನು ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದವನು. ಅರ್ಧ ಸರ್ವಿಸು ನಂಜನಗೂಡಿನಲ್ಲಿ, ಅರ್ಧ ನರಸೀಪುರದಲ್ಲಿ. ಸಾಕ್ಷಿ ಕಟಕಟೆ ಹತ್ತಿದ ಕೂಡಲೇ ಅವನಿಂದ ಪ್ರಮಾಣ ಮಾಡಿಸುವುದು ನನ್ನ ಕೆಲಸ. ದೇವರ ಮೇಲೆ ಆಣೆ ಇಟ್ಟು ಸತ್ಯವನ್ನೇ ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ ಎಂದು ನಾನು ಹೇಳಿಕೊಡುವುದು, ಅವನು ಹೇಳುವುದು, ಆಮೇಲೆ ಸುಳ್ಳು ಶುರುವಾಗುವುದು. ಮೂವತ್ತು ವರ್ಷ ಹೀಗೆ ಕೇಳಿದ ಕಿವಿ ಇದು. ಹೆಡತಲೆ ಎಂಬ ಹಳ್ಳಿಯ ಒಬ್ಬ ರೈತ ಮಾತ್ರ ಪ್ರಮಾಣ ಮಾಡಲು ಒಪ್ಪಲಿಲ್ಲ. ಏಕಯ್ಯಾ ಎಂದರೆ, "ಸಾ, ನಂಜುಂಡಪ್ಪ ನಮ್ಮೋನು ಕಣ್ ಸಾ. ಅವನ್ ಮ್ಯಾಲೆ ಆಣೆ ಮಡಗಿ ಏನೇಳುದ್ರೂ ಅವ ಏನೂ ಅಂದ್ಕಳಕಿಲ್ಲ. ನಿಮ್ಗೆ ನಿಜ್ವಾಗ್ಲೂ ನಿಜ ಬೇಕು ಅಂದ್ರೆ ಬ್ಯಾರೆ ಯಾರ್ ಮ್ಯಾಲಾದ್ರೂ ಮಡುಗ್ಸಿ" ಎಂದ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಬೇರೆ ಯಾರ ಮೇಲೆ ಎನ್ನುವುದಕ್ಕೆ ನಮ್ಮ ಕಾಯಿದೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ನಿವೃತ್ತಿಯಾದ ಮೇಲೆ, ನನ್ನ ಮೊಮ್ಮಗಳು ಮಾನ್ಯಳಿಂದ. ನನ್ನ ಮಗಳು ಗಿರಿಜೆಯನ್ನು ನರಸೀಪುರಕ್ಕೆ ಕೊಟ್ಟಿದ್ದೇನೆ. ಅಳಿಯಂದಿರದು ಅಲ್ಲಿ ಗೊಬ್ಬರದ ಅಂಗಡಿ. ಮಾನ್ಯ ಅವರ ಒಬ್ಬಳೇ ಮಗಳು, ಈ ವರ್ಷ ಎಸ್ಸೆಸ್ಸೆಲ್ಸಿ. ಹುಡುಗಿ ಬುದ್ಧಿವಂತೆ, ಆದರೆ ಆ ಬುದ್ಧಿಯನ್ನು ಗಣಿತಕ್ಕೆ ಖರ್ಚು ಮಾಡಲು ಮನಸ್ಸಿಲ್ಲದವಳು. ಅವಳು ಓದುವುದು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು. ಗ್ರೀಸ್ ದೇಶದ ಹಳೆಯ ದೇವರುಗಳು ಈ ಕಾಲದ ಹುಡುಗ ಹುಡುಗಿಯರ ನಡುವೆ ಓಡಾಡಿಕೊಂಡು, ಅವರನ್ನು ಅಪಾಯಕ್ಕೆ ನೂಕಿ, ಕೊನೆಗೆ ಅವರಿಂದಲೇ ಉಪಕಾರ ಮಾಡಿಸಿಕೊಳ್ಳುವ ಕಥೆಗಳು. ಹುಟ್ಟುಹಬ್ಬಕ್ಕೆ ಯಾರು ಏನು ಬೇಕು ಎಂದು ಕೇಳಿದರೂ ಅದನ್ನೇ ಕೇಳಿ ಕೇಳಿ, ಒಂದು ಸರಣಿಯ ಐದು ಸಂಪುಟಗಳನ್ನು ಕೂಡಿಸಿಕೊಂಡಿದ್ದಳು.

ಒಂದು ಭಾನುವಾರ ನಾನು ನರಸೀಪುರಕ್ಕೆ ಹೋಗಿದ್ದಾಗ, "ತಾತ, ಸಂಗಮಕ್ಕೆ ಹೋಗೋಣ ಬಾ" ಎಂದು ಕರೆದುಕೊಂಡು ಹೋದಳು. ನನ್ನನ್ನೂ ನಂಜುಂಡಪ್ಪನನ್ನೂ ಅವಳು ಏಕವಚನದಲ್ಲೇ ಮಾತನಾಡಿಸುತ್ತಾಳೆ. ಮೆಟ್ಟಿಲ ಮೇಲೆ ಕೂತು, ಹೆಗಲಿಂದ ಬಟ್ಟೆಯ ಚೀಲ ಇಳಿಸಿದಳು. ಒಳಗೆ ಐದೂ ಸಂಪುಟ.

"ಅಮ್ಮ ಇದನ್ನೆಲ್ಲ ಗುಜರಿಗೆ ಹಾಕ್ತೀನಿ ಅಂತಿದಾರೆ ತಾತ. ಪರೀಕ್ಷೆ ಮುಗಿಯೋವರೆಗೂ ನಿನ್ ಹತ್ರ ಬಚ್ಚಿಟ್ಕೊ. ಅಮ್ಮಂಗೆ ಹೇಳಲ್ಲ ಅಂತ ಆಣೆ ಇಡು."

ನನಗೇನು ಕಷ್ಟ? ಎದುರಿಗೇ ಕಪಿಲೆ ಬಂದು ಕಾವೇರಿಯನ್ನು ಸೇರುತ್ತಿದ್ದಳು. ಅವಳ ಕಡೆಗೆ ಕೈ ಚಾಚಿದೆ.

"ಬೇಡ, ಬೇಡ! ಕಪಿಲೆ ಮೇಲೆ ಇಟ್ಟಿದ್ದನ್ನ ನೀನು ಮುರೀತೀಯ. ಸ್ಟಿಕ್ಸ್ ನದಿ ಮೇಲೆ ಇಡು."

ಸ್ಟಿಕ್ಸ್ ಎನ್ನುವುದು ಗ್ರೀಕರ ಪಾತಾಳದಲ್ಲಿ ಹರಿಯುವ ನದಿಯಂತೆ. ಅದರ ಮೇಲೆ ಇಟ್ಟ ಆಣೆಯನ್ನು ದೇವರೂ ಮುರಿಯುವ ಹಾಗಿಲ್ಲವಂತೆ. ಕಣ್ಣಿಗೆ ಕಾಣದ ನದಿಯ ಮೇಲೆ ಆಣೆ ಹೇಗೆ ಎಂದು ನಾನು ತಕರಾರು ತೆಗೆಯಬಹುದಿತ್ತು. ಆದರೆ ಎರಡು ನದಿ ತೋರಿಸಿ ತ್ರಿವೇಣಿ ಸಂಗಮ ಎನ್ನುವ ಊರಿನಲ್ಲಿ ಕೂತು, ಕಾಣದ ನೀರಿನ ಬಗ್ಗೆ ಮಾತನಾಡುವುದು ಸಭ್ಯತೆಯಲ್ಲ. ಅಲ್ಲದೆ, ಆ ನದಿಯ ವ್ಯಾಪ್ತಿ ನಂಜನಗೂಡು ತಾಲ್ಲೂಕಿನವರೆಗೆ ಬರಲಾರದು ಎನ್ನುವ ಧೈರ್ಯ. "ಸ್ಟಿಕ್ಸ್ ನದಿಯ ಆಣೆಗೂ ಹೇಳಲ್ಲ" ಎಂದೆ. ಚೀಲ ಹೊತ್ತು ಸುತ್ತೂರಿನ ಮೇಲೆ ನಂಜನಗೂಡಿಗೆ ಬರುವ ಬಸ್ಸು ಹತ್ತಿದೆ. ಮನೆಯ ಅಟ್ಟದ ಮೇಲೆ, ಗೀಸರ್ ಬಂದ ಮೇಲೆ ಕೆಲಸವಿಲ್ಲದೆ ಕೂತಿರುವ ತಾಮ್ರದ ಹಂಡೆಯೊಂದಿದೆ. ಐದು ಸಂಪುಟಗಳೂ ಅದರಲ್ಲಿ ಹಿಡಿದವು.

ಬಚ್ಚಿಟ್ಟ ವಸ್ತು ಸುಮ್ಮನಿರಲು ಬಿಡುವುದಿಲ್ಲ. ಮೂರನೆಯ ದಿನ ಒಂದನೆಯ ಸಂಪುಟ ಕೆಳಗಿಳಿಸಿ, ಪತ್ರಿಕೆಯ ಮರೆಯಲ್ಲಿಟ್ಟುಕೊಂಡು ಓದತೊಡಗಿದೆ. ಪಕ್ಕದಲ್ಲಿ ನಿಘಂಟು. ಪದೇ ಪದೇ ಅಟ್ಟ ಹತ್ತುವುದನ್ನು ಕಂಡು ನನ್ನ ಹೆಂಡತಿ ರಾಜಮ್ಮ, ಮತ್ತೆ ನಶ್ಯ ಶುರುವಾಗಿದೆ ಎಂದುಕೊಂಡಳು. ಅವಳ ಅನುಮಾನ ಅರ್ಧ ನಿಜವೂ ಆಗಿದ್ದರಿಂದ ನಾನು ತಿದ್ದಲು ಹೋಗಲಿಲ್ಲ.

ಓದುತ್ತಾ ಓದುತ್ತಾ ನನಗೆ ಒಂದು ಗುಟ್ಟು ಹೊಳೆಯಿತು. ಇಂಗ್ಲಿಷಿನಲ್ಲಿ ಹದಿಹರೆಯದವರಿಗೆ ಬರೆಯುವವರೆಲ್ಲ ಗ್ರೀಕ್ ದೇವರುಗಳ ಬೆನ್ನು ಹತ್ತಿರುವುದೇಕೆ? ಆ ದೇವರುಗಳು ಖಾಲಿ ಇದ್ದಾರೆ, ಅಷ್ಟೆ. ಪೂಜೆ ನಿಂತು ಎಷ್ಟೋ ಕಾಲವಾಯಿತು. ಅರ್ಚಕರಿಲ್ಲ, ಭಕ್ತರಿಲ್ಲ, ಕೆಣಕಿದರೆ ಕೇಸು ಹಾಕುವವರಿಲ್ಲ. ಹಾಗಾಗಿ ನಿವೃತ್ತರಾದ ನೌಕರರನ್ನು ಗುತ್ತಿಗೆಯ ಮೇಲೆ ಮತ್ತೆ ಕರೆಸಿಕೊಳ್ಳುವಂತೆ ಮಕ್ಕಳ ಕಾದಂಬರಿಗೆ ಕರೆಸಿಕೊಂಡಿದ್ದಾರೆ. ನಾನು ಓದಿದ ಸರಣಿಯಲ್ಲಿ ಕುಲುಮೆಯ ದೇವರು ಹೆದ್ದಾರಿಯ ಪಕ್ಕ ಕಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಸಮುದ್ರದ ದೇವರಿಗೆ ಮಂಡಿ ನೋವು. ನಮ್ಮ ನಂಜುಂಡಪ್ಪನಿಗೆ ಇದೆಲ್ಲ ಎಲ್ಲಿ ಸಾಧ್ಯ? ಸೋಮವಾರ ಬಂದರೆ ಉಸಿರಾಡಲು ಬಿಡುವಿಲ್ಲದ ದೇವರು, ಕಾದಂಬರಿಗೆ ಕಾಲ್‌ಷೀಟ್ ಹೇಗೆ ಕೊಟ್ಟಾನು?

ಇನ್ನೊಂದು, ಈ ಕಥೆಗಳಲ್ಲಿ ಶಾಲೆಯಲ್ಲಿ ದಡ್ಡ ಎನಿಸಿಕೊಂಡ ಹುಡುಗನೇ ಕೊನೆಗೆ ದೇವರ ಮಗನಾಗಿರುತ್ತಾನೆ. ಗಣಿತ ಬರದಿರುವುದೇ ದೇವಾಂಶದ ಲಕ್ಷಣ. ಎಸ್ಸೆಸ್ಸೆಲ್ಸಿಯ ವರ್ಷ ಒಂದು ಮಗುವಿಗೆ ಇದಕ್ಕಿಂತ ಹಿತವಾದ ಮಾತು ಬೇರೇನಿದೆ? ನಾನೂ ಗಣಿತದಲ್ಲಿ ಎರಡು ಸಲ ಕೂತವನು. ಆಗ ನನ್ನ ತಂದೆ ನನ್ನಲ್ಲಿ ಕಂಡ ಲಕ್ಷಣಗಳೇ ಬೇರೆ.

ಫೋನಿನಲ್ಲಿ ಒಮ್ಮೆ ಮಾನ್ಯಳನ್ನು, "ಆ ದೇವರುಗಳಲ್ಲಿ ಅಂಥದ್ದೇನಮ್ಮ ಇದೆ?" ಎಂದು ಕೇಳಿದೆ. "ತಾತ, ಅಲ್ಲಿ ಮಾತು ಅಂದ್ರೆ ಮಾತು. ಅಪ್ಪ ಮೈಸೂರಿಗೆ ಕರ್ಕೊಂಡ್ ಹೋಗ್ತೀನಿ ಅಂತ ಎಷ್ಟ್ ಸಲ ಆಣೆ ಇಟ್ಟಿದಾರೆ ಗೊತ್ತಾ? ಇಲ್ಲಿ ಯಾರೂ ಉಳಿಸ್ಕೊಳಲ್ಲ. ನೀನೊಬ್ಬ ಉಳಿಸ್ಕೋತೀಯ ಅಲ್ವಾ?" ಎಂದಳು. ನಾನು ಹೂಂ ಎಂದೆ. ಫೋನಿಟ್ಟು ನಶ್ಯದ ಡಬ್ಬಿ ಹುಡುಕಿದೆ.

ಆ ಸ್ಟಿಕ್ಸ್ ಆಣೆ ಮುರಿದರೆ ಏನಾಗುತ್ತದೆ ಎಂಬುದನ್ನೂ ಹುಡುಕಿ ನೋಡಿದೆ. ಕಾದಂಬರಿಕಾರರು ಹುಟ್ಟಿಸಿದ ಮಾತಲ್ಲ ಅದು. ಗ್ರೀಕರ ಬಹಳ ಹಳೆಯ ಪದ್ಯವೊಂದರಲ್ಲೇ ಇದೆ. ದೇವರುಗಳಲ್ಲಿ ಜಗಳ ಬಂದರೆ ಚಿನ್ನದ ಗಿಂಡಿಯಲ್ಲಿ ಆ ನದಿಯ ನೀರು ತರಿಸುತ್ತಾರೆ. ಆ ನೀರು ಎರೆದು ಸುಳ್ಳು ಪ್ರಮಾಣ ಮಾಡಿದ ದೇವರು ಒಂದು ವರ್ಷ ಉಸಿರಿಲ್ಲದೆ ಬಿದ್ದಿರಬೇಕು. ಆಮೇಲೆ ಒಂಬತ್ತು ವರ್ಷ ಸಭೆಗೂ ಊಟದ ಪಂಕ್ತಿಗೂ ಸೇರಿಸುವುದಿಲ್ಲ. ಹತ್ತನೆಯ ವರ್ಷ ವಾಪಸು. ಒಂದು ವರ್ಷ ಅಮಾನತು, ಒಂಬತ್ತು ವರ್ಷ ಬಡ್ತಿ ತಡೆ, ಆಮೇಲೆ ಮರುನೇಮಕ! ಎಷ್ಟು ಅಚ್ಚುಕಟ್ಟಾದ ಆದೇಶ ಎಂದು ನನ್ನೊಳಗಿನ ಗುಮಾಸ್ತ ತಲೆದೂಗಿದ. ಮದುವೆ ಮನೆಯ ಊಟಕ್ಕಾಗಿಯೇ ಬದುಕಿರುವ ನನ್ನೊಳಗಿನ ಮನುಷ್ಯ ಮಾತ್ರ ಬೆವರಿದ. ನಮ್ಮಲ್ಲಾದರೆ ತಪ್ಪು ಕಾಣಿಕೆ ಇದೆ. ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಹುಂಡಿಗೆ ಹಾಕಿ, ಕೆನ್ನೆ ಬಡಿದುಕೊಂಡರೆ ಮುಗಿಯಿತು. ಸ್ಟಿಕ್ಸಿಗೆ ಹುಂಡಿ ಎಲ್ಲಿ?

ಈ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು. ಗಣಿತದಲ್ಲಿ ಮಾನ್ಯ ಅಂಚಿನ ಮೇಲೆ ಕಾಲಿಟ್ಟು ಪಾಸಾಗಿದ್ದಳು. ಮುಂದಿನ ಸೋಮವಾರ ಗಿರಿಜೆ ನಂಜುಂಡಪ್ಪನ ದರ್ಶನ ಮುಗಿಸಿ ನೇರ ನಮ್ಮ ಮನೆಗೆ ಬಂದಳು. ಕಾಫಿಯನ್ನೂ ಮುಟ್ಟದೆ ದೇವರ ಮನೆಯ ದೀಪ ಹಚ್ಚಿದಳು.

"ಅಪ್ಪ, ಆ ಪುಸ್ತಕ ಮನೇಲೆಲ್ಲೂ ಇಲ್ಲ. ಎಲ್ಲೋ ಇಟ್ಟು ಕದ್ದು ಓದ್ತಾ ಇದಾಳೆ. ನಿಮ್ ಹತ್ರ ಕೊಟ್ಟಿಲ್ಲ ಅಂತ ನಂಜುಂಡಪ್ಪನ ಮೇಲೆ ಆಣೆ ಇಟ್ಟು ಹೇಳಿ."

ಮೂವತ್ತು ವರ್ಷ ಬೇರೆಯವರನ್ನು ಕಟಕಟೆ ಹತ್ತಿಸಿದವನನ್ನು ಸ್ವಂತ ಮಗಳು ಹತ್ತಿಸಿದಳು. ಒಂದು ಕಡೆ ಪಾತಾಳದ ನದಿ, ಇನ್ನೊಂದು ಕಡೆ ಕೂಗಳತೆಯಲ್ಲಿರುವ ದೇವರು. ನಿಜ ಹೇಳಿದರೆ ಐದು ಸಂಪುಟವೂ ಗುಜರಿಗೆ, ಮೊಮ್ಮಗಳ ನಂಬಿಕೆಯೂ ಅದರ ಜೊತೆಗೆ. ಸುಳ್ಳು ಹೇಳಿದರೆ? ಲೋಕದ ವಿಷವನ್ನೆಲ್ಲ ನುಂಗಿ ಅರಗಿಸಿಕೊಂಡ ಸ್ವಾಮಿಗೆ ನನ್ನದೊಂದು ಚಮಚೆ ಸುಳ್ಳು ಯಾವ ಲೆಕ್ಕ? ಶಿಕ್ಷೆ ಕೊಡುವ ನದಿಗೆ ಕೊಟ್ಟ ಮಾತು ಉಳಿಸಿಕೊಂಡು, ಕ್ಷಮಿಸುವ ದೇವರಿಗೆ ಮೋಸ ಮಾಡುವುದೇ ವಿವೇಕವೆಂದು ಕಂಡಿತು. ದೀಪದ ಮೇಲೆ ಕೈ ಹಿಡಿದು, "ನಂಜುಂಡಪ್ಪನ ಆಣೆಗೂ ನನ್ ಹತ್ರ ಇಲ್ಲ ಕಣಮ್ಮ" ಎಂದೆ. ಮಾತು ಎಲ್ಲೂ ತಡವರಿಸಲಿಲ್ಲ. ಒಳ್ಳೆಯ ಸಾಕ್ಷಿಗಳನ್ನು ಬಹಳ ನೋಡಿದ್ದೇನಲ್ಲ.

"ನೀವು ಹೇಳಿದ್ ಮೇಲೆ ಆಯ್ತಪ್ಪ" ಎಂದು ಗಿರಿಜೆ ಆರಿದ ಕಾಫಿ ಕುಡಿದು ಹೊರಟುಹೋದಳು. ಅಷ್ಟು ಬೇಗ ನಂಬುತ್ತಾಳೆಂದು ನಾನು ಎಣಿಸಿರಲಿಲ್ಲ. ಅವಳು ಇನ್ನೆರಡು ಪ್ರಶ್ನೆ ಕೇಳಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. ಸಂಜೆಯೇ ಹೋಗಿ ತಪ್ಪು ಕಾಣಿಕೆ ಹಾಕಿ ಬಂದೆ. ಸ್ವಾಮಿ ಎಂದಿನಂತೆ ಏನೂ ಅನ್ನಲಿಲ್ಲ.

ಭಾನುವಾರ ಮಾನ್ಯ ಒಬ್ಬಳೇ ಬಸ್ಸಿನಲ್ಲಿ ಬಂದಳು. ನಾನು ಮೀಸೆ ನೇವರಿಸಿಕೊಂಡು ನಿನ್ನ ಸ್ಟಿಕ್ಸಿಗಾಗಿ ಏನು ಮಾಡಿದೆ ಗೊತ್ತೇ ಎಂದು ಶುರು ಮಾಡುವಷ್ಟರಲ್ಲಿ, "ಗೊತ್ತು" ಎಂದಳು. ಮುಖ ಊದಿತ್ತು.

"ಅಮ್ಮ ಅವತ್ತು ಮನೆಗ್ ಬಂದು ನನ್ ಹತ್ರ ಸಾರಿ ಕೇಳಿದ್ರು ತಾತ. ತಾತನೇ ಆಣೆ ಇಟ್ಟು ಹೇಳಿದ್ರು, ನಿನ್ನ ಸುಮ್ನೆ ಅನುಮಾನ ಪಟ್ಟೆ ಅಂತ ಅತ್ತೇಬಿಟ್ರು. ನೀನ್ಯಾಕೆ ಸುಳ್ಳು ಹೇಳ್ದೆ?"

"ನಿನಗೆ ಕೊಟ್ಟ ಮಾತು ಉಳಿಸೋಕೆ!"

"ಹೇಳಲ್ಲ ಅಂತ ತಾನೇ ಮಾತು ಕೊಟ್ಟಿದ್ದು? ಹೇಳಲ್ಲ ಗಿರಿಜಾ, ಅಂತಲೇ ಹೇಳ್ಬೋದಿತ್ತಲ್ಲ."

ಇಷ್ಟು ಸರಳವಾದ ದಾರಿ ಕೋರ್ಟಿನಲ್ಲಿ ಸವೆದ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದೂ ಒಂದು ಉತ್ತರವೆಂದು ಹದಿನೈದು ವರ್ಷದ ಹುಡುಗಿಯಿಂದ ಕಲಿಯಬೇಕಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ನನ್ನ ಫೋನನ್ನೇ ತೆಗೆದುಕೊಂಡು ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಪುಸ್ತಕ ಕೊಟ್ಟಿದ್ದು ನಾನು, ಆಣೆ ಇಡಿಸಿದ್ದೂ ನಾನು, ಗುಜರಿಗೆ ಹಾಕೋದಾದ್ರೆ ಹಾಕಿ, ತಾತಂಗೆ ಬೈಬೇಡಿ ಎಂದಳು. ಕೊನೆಯ ಮಾತು ಹೇಳುವಾಗ ಮಾತ್ರ ಧ್ವನಿ ಒಡೆಯಿತು.

ಮಧ್ಯಾಹ್ನದ ಬಸ್ಸಿಗೆ ಗಿರಿಜೆ ಬಂದಳು. ನಾನೇ ಅಟ್ಟ ಹತ್ತಿ ಪುಸ್ತಕಗಳನ್ನು ಇಳಿಸಿ ಅವಳ ಮುಂದೆ ಇಟ್ಟೆ. ಅವಳು ಒಂದೊಂದನ್ನೇ ತೆಗೆದು ನೋಡಿದಳು. ನಾಲ್ಕನೆಯದರ ನಡುವೆ ನನ್ನ ಬಸ್ ಟಿಕೆಟ್ ಗುರುತಿಗೆ ಇತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ಟಿಕೆಟನ್ನು ಇದ್ದಲ್ಲೇ ಇಟ್ಟು ಪುಸ್ತಕ ಮುಚ್ಚಿದಳು. ಮಾನ್ಯ ಮೂಲೆಯಲ್ಲಿ ಉಗುರು ಕಚ್ಚುತ್ತ ಕೂತಿದ್ದಳು.

"ಗುಜರಿಗೆ ಹಾಕಲ್ಲ" ಎಂದಳು ಗಿರಿಜೆ. "ಇಲ್ಲೇ ಇರ್ಲಿ. ಆದ್ರೆ ಪರೀಕ್ಷೆ ಮುಗಿಯೋವರೆಗೂ ಇವಳು ಎಷ್ಟೇ ಗೋಗರೆದ್ರೂ ಕೊಡಲ್ಲ ಅಂತ ನನಗೆ ಮಾತು ಕೊಡಿ ಅಪ್ಪ."

ನಾನು ಚುರುಕಾಗಿ ಎದ್ದು ದೇವರ ಮನೆಯ ಕಡೆ ಹೊರಟೆ. "ಯಾರ ಮೇಲೆ ಆಣೆ ಇಡಲಮ್ಮ?"

"ಯಾರ್ ಮೇಲೂ ಬೇಡ" ಎಂದಳು. "ಸುಮ್ನೆ ಹೇಳಿ. ನನಗೆ ಹೇಳಿ."

ನಿಂತೆ. ನಡುವೆ ನಂಜುಂಡಪ್ಪನಿಲ್ಲ, ನದಿಯಿಲ್ಲ, ಹುಂಡಿಯಿಲ್ಲ. ಎದುರಿಗೆ ಮಗಳ ಮುಖ ಒಂದೇ. ಮುರಿದರೆ ಎಲ್ಲಿಗೆ ಹೋಗಿ ಕೆನ್ನೆ ಬಡಿದುಕೊಳ್ಳಬೇಕೋ ಗೊತ್ತಾಗಲಿಲ್ಲ. "ಕೊಡಲ್ಲ ಕಣಮ್ಮ" ಎನ್ನುವ ಎರಡು ಪದಗಳನ್ನು ಹೇಳಲು ನಾನು ಎಷ್ಟು ಹೊತ್ತು ತೆಗೆದುಕೊಂಡೆನೆಂದರೆ, ಇಷ್ಟು ವರ್ಷದ ನನ್ನ ಯಾವ ಆಣೆಗೂ ತಲೆಯೆತ್ತಿ ನೋಡದ ರಾಜಮ್ಮ ಒಲೆ ಆರಿಸಿ ಹೊರಗೆ ಬಂದು ನಿಂತಿದ್ದಳು.